ರಸ್ತೆಯ ಹಣ: ದಾನವೋ, ಹಕ್ಕೋ?

ಕಳೆದ ವಾರ ನಮ್ಮ ಕಾರ್ಯಾಲಯಕ್ಕೆ ಇಬ್ಬರು ಬಂದಿದ್ದರು. ಒಬ್ಬರು ಗಿರಣಿಯಲ್ಲಿ ರಾತ್ರಿ ಪಾಳಿಗೆ ದುಡಿಯುವವರು. ಇನ್ನೊಬ್ಬರು ಪೇಟೆಯಲ್ಲಿ ಬೇಳೆ, ಬೆಲ್ಲ, ಎಣ್ಣೆಯ ಚಿಕ್ಕ ಅಂಗಡಿ ಇಟ್ಟವರು. ಒಬ್ಬರಿಗೊಬ್ಬರ ಪರಿಚಯವಿಲ್ಲ, ಆದರೆ ಇಬ್ಬರೂ ಹೊತ್ತು ತಂದದ್ದು ಒಂದೇ ರಸ್ತೆಯ ಅಹವಾಲು. ಗಿರಣಿ ಗೇಟಿನಿಂದ ಪೇಟೆಗೆ ಬರುವ ಆ ರಸ್ತೆಯ ಗುಂಡಿಗೆ ಕತ್ತಲಲ್ಲಿ ಸೈಕಲ್ ಉರುಳಿ ಕಾರ್ಮಿಕರ ಮುಂಗೈ ಮುರಿದಿದೆ. ಇಪ್ಪತ್ತು ದಿನದ ಕೂಲಿ ಹೋಗಿದೆ. ಲಾರಿಯವರು ಆ ರಸ್ತೆಗೆ ಇಳಿಯಲೊಲ್ಲರು. ಮೂಟೆಗಳನ್ನು ಹೆದ್ದಾರಿಯ ತಿರುವಿನಲ್ಲೇ ಇಳಿಸಿ ಹೋಗುತ್ತಾರೆ. ಅಲ್ಲಿಂದ ಅಂಗಡಿಯವರೆಗೆ ಗೂಡ್ಸ್ ಆಟೋ ಬಾಡಿಗೆ ಬೇರೆ, ಹಮಾಲಿ ಬೇರೆ. ಆ ಖರ್ಚನ್ನು ಬೆಲೆಗೆ ಸೇರಿಸಿದರೆ ಗಿರಾಕಿ ಕೈತಪ್ಪುತ್ತಾನೆ. ಸೇರಿಸದಿದ್ದರೆ ಲಾಭ ಕೈತಪ್ಪುತ್ತದೆ. ಆ ಗಿರಾಕಿ ಯಾರು? ಅದೇ ಗಿರಣಿಯ ಕಾರ್ಮಿಕ.

ಇಬ್ಬರೂ ಬೇರೆ ಬೇರೆ ದಿನ ಕಚೇರಿಗಳ ಮೆಟ್ಟಿಲು ಹತ್ತಿ ಇಳಿದಿದ್ದಾರೆ. ಇಬ್ಬರಿಗೂ ದೊರೆತ ಉತ್ತರ ಒಂದೇ: "ಅನುದಾನ ಬಂದಿಲ್ಲ." ಕೊನೆಗೆ ಮುಖಂಡರೊಬ್ಬರ ಮನೆಯ ಜಗಲಿಯಲ್ಲಿ ವ್ಯಾಪಾರಿಗಳಿಗೆ ಇನ್ನೊಂದು ಮಾತೂ ಕೇಳಿಬಂತು: "ನಿಮ್ಮ ಓಣಿಯವರು ನಮಗೆ ಎಷ್ಟು ಓಟು ಹಾಕಿದ್ದೀರಿ, ಮೊದಲು ಅದನ್ನು ಹೇಳಿ."

ಈ ಕೊನೆಯ ಮಾತಿನಲ್ಲೇ ನಮ್ಮ ನಾಡಿನ ರಸ್ತೆಗಳ ಕಥೆಯೆಲ್ಲ ಅಡಗಿದೆ. ಅನುದಾನ ಎಂಬ ಪದದ ಹೊಟ್ಟೆಯಲ್ಲಿ ದಾನ ಎಂಬ ಪದ ಕುಳಿತಿದೆ. ದಾನವೆಂದ ಮೇಲೆ ಕೊಡುವವನೊಬ್ಬ ದೊಡ್ಡವನಾಗುತ್ತಾನೆ, ಕೈಯೊಡ್ಡುವವನೊಬ್ಬ ಸಣ್ಣವನಾಗುತ್ತಾನೆ. ಕೊಟ್ಟರೆ ಪುಣ್ಯ, ಕೊಡದಿದ್ದರೆ ಕೇಳುವವರಿಲ್ಲ. ಆದರೆ ರಸ್ತೆಗೆಂದು ಬರುವ ಹಣ ಯಾರ ಮನೆಯ ಗಂಟು? ಈ ಪ್ರಶ್ನೆಯನ್ನು ಇಂದು ಲೆಕ್ಕದ ಸಮೇತ ವಾಚಕರ ಮುಂದಿಡಲು ಬಯಸುತ್ತೇವೆ. ಹಿಂದೆ ಹಲಗೆಯ ಮೇಲೆ ಮಕ್ಕಳಿಗೆ ಲೆಕ್ಕ ಕಲಿಸಿದವರು ನಾವು. ದೊಡ್ಡವರ ಲೆಕ್ಕವನ್ನೂ ಹಲಗೆಯ ಮೇಲೆ ಬರೆದು ನೋಡುವುದು ನಮಗೆ ರೂಢಿ.

2020ರ ಮೇ ತಿಂಗಳನ್ನು ತೆಗೆದುಕೊಳ್ಳೋಣ. ದೇಶವೆಲ್ಲ ಬಾಗಿಲು ಮುಚ್ಚಿ ಕುಳಿತಿದ್ದ ಕಾಲ. ಆಗ ಕೇಂದ್ರ ಸರ್ಕಾರವು ಪ್ರತಿ ಲೀಟರ್ ಪೆಟ್ರೋಲಿನ ಮೇಲೆ ವಸೂಲು ಮಾಡುತ್ತಿದ್ದ ಸುಂಕ ಒಟ್ಟು 32 ರೂಪಾಯಿ 98 ಪೈಸೆ. ಇದರಲ್ಲಿ 18 ರೂಪಾಯಿ ರಸ್ತೆ ಮತ್ತು ಮೂಲಸೌಕರ್ಯ ಸೆಸ್ಸು. 12 ರೂಪಾಯಿ ವಿಶೇಷ ಹೆಚ್ಚುವರಿ ಸುಂಕ. ಉಳಿದ 2 ರೂಪಾಯಿ 98 ಪೈಸೆ ಮಾತ್ರ ಮೂಲ ಸುಂಕ. ಡೀಸೆಲಿನ ಮೇಲಿನ 31 ರೂಪಾಯಿ 83 ಪೈಸೆಯಲ್ಲೂ ರಸ್ತೆ ಸೆಸ್ಸು ಅದೇ 18 ರೂಪಾಯಿ. ಈ ಸುಂಕವನ್ನು ಕೊಟ್ಟವರು ಕಾರಿನ ಒಡೆಯರು ಮಾತ್ರವೆಂದು ಯಾರೂ ತಿಳಿಯಬಾರದು. ಬಸ್ಸಿನ ಟಿಕೀಟಿನಲ್ಲಿ ಅದು ಇದೆ. ಲಾರಿ ಬಾಡಿಗೆಯಲ್ಲಿ ಇದೆ. ಲಾರಿ ಬಾಡಿಗೆಯ ಮೂಲಕ ಅಕ್ಕಿ, ಉಪ್ಪು, ಸೊಪ್ಪಿನ ಬೆಲೆಯಲ್ಲಿ ಇದೆ. ಸೈಕಲಿನಲ್ಲಿ ಗಿರಣಿಗೆ ಹೋಗುವ ಕಾರ್ಮಿಕನೂ ತನ್ನ ಊಟದ ತಟ್ಟೆಯ ಮೂಲಕ ರಸ್ತೆ ಸೆಸ್ಸನ್ನು ಕೊಡುತ್ತಲೇ ಇದ್ದಾನೆ.

ಈಗ ಈ ಹಣ ಹಂಚಿಕೆಯಾಗುವ ಬಗೆಯನ್ನು ನೋಡೋಣ. ನಮ್ಮ ಸಂವಿಧಾನದ 270ನೆಯ ವಿಧಿಯಂತೆ ಕೇಂದ್ರ ವಸೂಲು ಮಾಡುವ ತೆರಿಗೆಗಳಲ್ಲಿ ರಾಜ್ಯಗಳಿಗೆ ಪಾಲುಂಟು. ಆದರೆ ಸೆಸ್ಸು ಮತ್ತು ಸರ್ಚಾರ್ಜುಗಳು ಆ ಪಾಲಿನಿಂದ ಹೊರಗೆ. ಎಂದರೆ ಆ 32 ರೂಪಾಯಿ 98 ಪೈಸೆಯಲ್ಲಿ ರಾಜ್ಯಗಳೊಡನೆ ಹಂಚಿಕೊಳ್ಳಬೇಕಾಗಿದ್ದುದು 2 ರೂಪಾಯಿ 98 ಪೈಸೆಯನ್ನಷ್ಟೇ. ಅದರಲ್ಲಿ ಎಲ್ಲ ರಾಜ್ಯಗಳ ಪಾಲು ಶೇಕಡ 41, ಸುಮಾರು 1 ರೂಪಾಯಿ 22 ಪೈಸೆ. ಅದರಲ್ಲಿ ಕರ್ನಾಟಕದ ಪಾಲು ಶೇಕಡ 3.6ಕ್ಕೆ ತುಸು ಮೇಲೆ. ಗುಣಿಸಿ ನೋಡಿದರೆ ದೊರೆಯುವ ಉತ್ತರ ಸುಮಾರು ನಾಲ್ಕೂವರೆ ಪೈಸೆ! ದೇಶದಲ್ಲಿ ಒಂದು ಲೀಟರ್ ಪೆಟ್ರೋಲು ಮಾರಾಟವಾದರೆ ಕೇಂದ್ರದ ಬೊಕ್ಕಸಕ್ಕೆ ಮೂವತ್ತಮೂರು ರೂಪಾಯಿ. ಹಕ್ಕಿನ ಪಾಲಾಗಿ ನಮ್ಮ ರಾಜ್ಯಕ್ಕೆ ನಾಲ್ಕೂವರೆ ಪೈಸೆ. ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಎಂಬ ಗಾದೆಯೂ ಇಲ್ಲಿ ನಾಚಬೇಕು. ಮುಂದೆ 2022ರ ಮೇ ತಿಂಗಳಲ್ಲಿ ಸುಂಕವನ್ನು 19 ರೂಪಾಯಿ 90 ಪೈಸೆಗೆ ಇಳಿಸಿದರೆಂಬುದು ನಿಜ. ಆದರೆ ಆ ಹೊತ್ತಿಗೆ ಹಂಚಿಕೆಗೆ ಸೇರುವ ಮೂಲ ಸುಂಕವೂ 1 ರೂಪಾಯಿ 40 ಪೈಸೆಗೆ ಇಳಿದಿತ್ತು.

"ಸೆಸ್ಸಿನ ಹಣವನ್ನು ರಸ್ತೆಗೇ ಖರ್ಚು ಮಾಡುತ್ತೇವಲ್ಲ, ಅದು ನಿಮ್ಮ ರಾಜ್ಯಕ್ಕೂ ಬರುತ್ತದಲ್ಲ" ಎಂದು ದಿಲ್ಲಿಯವರು ಕೇಳಬಹುದು. ಬರುತ್ತದೆ. ಆದರೆ ಯಾವ ನಿಯಮದಂತೆ ಬರುತ್ತದೆ? ಅದನ್ನರಿಯಲು ಈ ನಿಧಿಯ ಚರಿತ್ರೆಯನ್ನು ಸ್ವಲ್ಪ ತಿಳಿಯಬೇಕು.

ಪರಕೀಯರ ಆಳ್ವಿಕೆಯ ಕಾಲದಲ್ಲಿ, 1927ರಲ್ಲಿ, ಎಂ. ಆರ್. ಜಯಕರ್ ಅವರ ಅಧ್ಯಕ್ಷತೆಯಲ್ಲಿ ರಸ್ತೆ ಅಭಿವೃದ್ಧಿ ಸಮಿತಿಯೊಂದು ನೇಮಕವಾಯಿತು. ರಸ್ತೆಯ ಭಾರ ಸ್ಥಳೀಯ ಸಂಸ್ಥೆಗಳ ಶಕ್ತಿಗೆ ಮೀರಿದ್ದು, ಪೆಟ್ರೋಲಿನ ಮೇಲೆ ಹೆಚ್ಚಿನ ಸುಂಕ ಹಾಕಿ ಬಂದ ಹಣವನ್ನು ರಸ್ತೆಗೇ ಮೀಸಲಿಡಬೇಕು ಎಂದು ಅದು ಹೇಳಿತು. 1929ರಲ್ಲಿ ಗ್ಯಾಲನ್ನಿಗೆ 2 ಆಣೆಯಂತೆ ಹೆಚ್ಚುವರಿ ಸುಂಕದಿಂದ ರಸ್ತೆ ನಿಧಿ ಹುಟ್ಟಿತು. ಆದರೆ ಅದಕ್ಕೆ ಬಹುಕಾಲ ಕಾಯಿದೆಯ ಬಲವಿರಲಿಲ್ಲ. ಕೇವಲ ನಿರ್ಣಯದ ಬಲ. ಕಾಯಿದೆಯ ಬಲ ಬಂದದ್ದು 2000ದಲ್ಲಿ, ಕೇಂದ್ರ ರಸ್ತೆ ನಿಧಿ ಕಾಯಿದೆಯಿಂದ.

ಆ ಕಾಯಿದೆಯಲ್ಲಿ ಒಂದು ಒಳ್ಳೆಯ ಗುಣವಿತ್ತು. ಯಾರಿಗೆ ಎಷ್ಟು ಎಂಬುದನ್ನು ಅಂಕಿಗಳಲ್ಲಿ ಬರೆದಿಟ್ಟಿದ್ದರು. ಡೀಸೆಲ್ ಸೆಸ್ಸಿನ ಅರ್ಧ ಹಳ್ಳಿಯ ರಸ್ತೆಗಳಿಗೆ. ಉಳಿದರ್ಧವನ್ನೂ ಪೆಟ್ರೋಲಿನ ಸೆಸ್ಸನ್ನೂ ಕೂಡಿಸಿ, ಅದರಲ್ಲಿ ಶೇಕಡ 57.5 ರಾಷ್ಟ್ರೀಯ ಹೆದ್ದಾರಿಗಳಿಗೆ, 12.5 ರೈಲ್ವೆ ಹಳಿ ದಾಟುವ ಮೇಲ್ಸೇತುವೆ ಕೆಳಸೇತುವೆಗಳಿಗೆ ಮತ್ತು ಹಳಿ ದಾಟುವ ಗೇಟುಗಳ ಸುರಕ್ಷತೆಗೆ, 30 ರಾಜ್ಯಗಳ ರಸ್ತೆಗಳಿಗೆ. ಒಂದು ಕಾಲದಲ್ಲಿ ರಾಜ್ಯ ರಾಜ್ಯಗಳ ನಡುವಣ ಹಂಚಿಕೆಗೂ ವಿಸ್ತೀರ್ಣಕ್ಕೆ 70 ಭಾಗ, ಇಂಧನದ ಬಳಕೆಗೆ 30 ಭಾಗ ಎಂಬ ಸೂತ್ರವಿತ್ತು. ಇದರಲ್ಲಿ ದೋಷವಿರಲಿಲ್ಲವೆಂದಲ್ಲ. ನಮ್ಮಂತಹ ಪಟ್ಟಣಗಳ ಒಳರಸ್ತೆಗೆಂದು ಬೇರೆ ಪಾಲೇ ಇರಲಿಲ್ಲ; ಹಳ್ಳಿಯೂ ಅಲ್ಲದ, ಹೆದ್ದಾರಿಯೂ ಅಲ್ಲದ ರಸ್ತೆ ಅನಾಥವಾಗಿಯೇ ಉಳಿಯಿತು. ಆದರೂ ಅಂಕಿ ಅಂಕಿಯೇ. ಸಚಿವರು ಬದಲಾದರೂ, ಅವರ ಮನಸ್ಸು ಬದಲಾದರೂ, ಅಂಕಿ ಬದಲಾಗಬೇಕಾದರೆ ಸಂಸತ್ತಿನ ಮುಂದೆ ಬರಬೇಕಾಗಿತ್ತು.

2018ರಲ್ಲಿ ಏನಾಯಿತು? ಆ ವರ್ಷದ ಹಣಕಾಸು ಕಾಯಿದೆಯ ಮೂಲಕ ನಿಧಿಯ ಹೆಸರಿಗೆ "ಮೂಲಸೌಕರ್ಯ" ಎಂಬ ಮಾತನ್ನು ಅಂಟಿಸಿದರು. ರಸ್ತೆಯ ಜೊತೆಗೆ ಬೇರೆ ಹಲವು ಬಾಬುಗಳೂ ಅದರೊಳಗೆ ಬಂದವು. ನಿಗದಿಯಾಗಿದ್ದ ಶೇಕಡಾವಾರು ಪಾಲುಗಳನ್ನು ತೆಗೆದುಹಾಕಿದರು. ಅವುಗಳ ಜಾಗದಲ್ಲಿ ಹಣಕಾಸು ಸಚಿವರ ಅಧ್ಯಕ್ಷತೆಯ ಸಮಿತಿಯೊಂದನ್ನು ಕೂರಿಸಿದರು. ಯಾವುದಕ್ಕೆ ಎಷ್ಟು ಎಂಬುದನ್ನು ಇನ್ನು ಮುಂದೆ ಆ ಸಮಿತಿ ನಿರ್ಧರಿಸುತ್ತದೆ! ಸಂಸತ್ತಿನಲ್ಲಿ ಗದ್ದಲವಿಲ್ಲ, ಪತ್ರಿಕೆಗಳಲ್ಲಿ ದೊಡ್ಡಕ್ಷರದ ತಲೆಬರಹವಿಲ್ಲ. ಕಾಯಿದೆಯ ಪುಟದಿಂದ ಕೆಲವು ಅಂಕಿಗಳು ಅಳಿಸಿಹೋದವು, ಅಷ್ಟೆ. ಹಕ್ಕಾಗಿದ್ದದ್ದು ಮತ್ತೆ ದಾನವಾಯಿತು.

ಸೆಸ್ಸಿನ ಹಣವೆಲ್ಲ ನಿಧಿಗೆ ತಲಪುತ್ತದೆಯೆಂಬ ನೆಮ್ಮದಿಯೂ ನಮಗಿಲ್ಲ. 2018-19ರ ಲೆಕ್ಕವನ್ನು ಪರಿಶೀಲಿಸಿದ ಸಿಎಜಿಯವರು, ಆ ವರ್ಷ 35 ಬಗೆಯ ಸೆಸ್ಸು ಮತ್ತಿತರ ಶುಲ್ಕಗಳಿಂದ ಸುಮಾರು 2.75 ಲಕ್ಷ ಕೋಟಿ ರೂಪಾಯಿ ಬಂದರೂ ಮೀಸಲು ನಿಧಿಗಳಿಗೆ ಹೋದದ್ದು ಸುಮಾರು 1.64 ಲಕ್ಷ ಕೋಟಿ ಮಾತ್ರ ಎಂದು ಬರೆದಿದ್ದಾರೆ. ಇದು ಯಾವ ವಿರೋಧ ಪಕ್ಷದ ಆಪಾದನೆಯೂ ಅಲ್ಲ. ಸಂವಿಧಾನವೇ ನೇಮಿಸಿದ ಲೆಕ್ಕಿಗರ ಮಾತು.

ಶಿಫಾರಸಿಗೂ ಹಕ್ಕಿಗೂ ಎಷ್ಟು ಅಂತರವೆಂಬುದಕ್ಕೆ ಇನ್ನೊಂದು ನಿದರ್ಶನ. 15ನೆಯ ಹಣಕಾಸು ಆಯೋಗವು ಬೆಂಗಳೂರಿನ ಹೊರವರ್ತುಲ ರಸ್ತೆಗೆ 3,000 ಕೋಟಿ ರೂಪಾಯಿಯ ವಿಶೇಷ ಅನುದಾನವನ್ನು ಶಿಫಾರಸು ಮಾಡಿತು. ಕೆರೆಗಳಿಗೆ ಇನ್ನೊಂದು 3,000 ಕೋಟಿ. ಕೇಂದ್ರ ಸರ್ಕಾರ ಅದನ್ನು ಕೊಡಲಿಲ್ಲ. ಅದಕ್ಕೂ ಮೊದಲು 2020-21ಕ್ಕೆ ಶಿಫಾರಸಾಗಿದ್ದ 5,495 ಕೋಟಿಯೂ ಬರಲಿಲ್ಲ. ಈ ಅನ್ಯಾಯವನ್ನು ಎತ್ತಿ 2024ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದ ಮುಖ್ಯಮಂತ್ರಿಗಳೇ ಮಂತ್ರಿಗಳೊಡನೆ ದಿಲ್ಲಿಯ ಜಂತರ್ ಮಂತರಿನಲ್ಲಿ ಧರಣಿ ಕುಳಿತರು. ಕುಳಿತದ್ದು ಸರಿ. ನಾವೂ ಆ ಮಾತನ್ನು ಒಪ್ಪುತ್ತೇವೆ.

ಆದರೆ ದಿಲ್ಲಿಯಲ್ಲಿ ನ್ಯಾಯ ಕೇಳಿದವರು ಬೆಂಗಳೂರಿಗೆ ಹಿಂತಿರುಗಿ ತಮ್ಮ ಜಿಲ್ಲೆಗಳಿಗೆ ಎಂತಹ ನ್ಯಾಯ ಕೊಡುತ್ತಿದ್ದಾರೆ? ಇಲ್ಲಿ ನಾವು ಮುಲಾಜಿಲ್ಲದೆ ಮಾತನಾಡಬೇಕಾಗಿದೆ.

ನಮ್ಮ ರಾಜ್ಯ ಸರ್ಕಾರಕ್ಕೂ ಪೆಟ್ರೋಲು ಡೀಸೆಲಿನ ಮೇಲೆ ಮಾರಾಟ ತೆರಿಗೆ ಉಂಟು. 2024ರ ಜೂನಿನಲ್ಲಿ ಪೆಟ್ರೋಲಿನ ತೆರಿಗೆಯನ್ನು ಶೇಕಡ 25.92ರಿಂದ 29.84ಕ್ಕೆ ಏರಿಸಿದರು. 2025ರ ಏಪ್ರಿಲಿನಲ್ಲಿ ಡೀಸೆಲಿನ ತೆರಿಗೆ 21.17ಕ್ಕೆ ಏರಿತು. ಇದರ ಮೇಲೆ 1957ರ ಮೋಟಾರು ವಾಹನ ತೆರಿಗೆ ಕಾಯಿದೆಯಂತೆ ವಾಹನ ತೆರಿಗೆ ಬೇರೆ ಬರುತ್ತದೆ. ಹೀಗೆ ಬಂದ ಹಣದಲ್ಲಿ ಗಿರಣಿಗೇಟಿನ ರಸ್ತೆಗೆ ಇಷ್ಟು ಎಂದು ಕೇಳುವ ಹಕ್ಕು ನಮ್ಮ ಇಬ್ಬರು ಅಹವಾಲುದಾರರಿಗೆ ಇದೆಯೆ? ಇಲ್ಲ. "ವಿಶೇಷ ಅನುದಾನ" ಎಂಬ ಹೆಸರಿನಲ್ಲಿ ಕ್ಷೇತ್ರ ಕ್ಷೇತ್ರಕ್ಕೆ ಹಣ ಹೊರಡುತ್ತದೆ. ಯಾವ ಪಕ್ಷ ಆಳಿದರೂ ಆಳುವ ಪಕ್ಷದ ಶಾಸಕನ ಕ್ಷೇತ್ರದ ಡಾಂಬರು ದಪ್ಪ, ಎದುರು ಪಕ್ಷದವನ ಕ್ಷೇತ್ರದ ಡಾಂಬರು ತೆಳು. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯಲ್ಲಿ ದಿಲ್ಲಿ ದೇವರಾದರೆ ಬೆಂಗಳೂರು ಪೂಜಾರಿ. ಇಲ್ಲಿ ದೇವರೂ ಕೈಬಿಗಿ, ಪೂಜಾರಿಯೂ ಕೈಬಿಗಿ!

ಸಂವಿಧಾನದಲ್ಲೇ ಎರಡು ದಾರಿಗಳಿವೆ. 275ನೆಯ ವಿಧಿಯ ಅನುದಾನ ಕಾಯಿದೆಬದ್ಧವಾದದ್ದು. 282ನೆಯ ವಿಧಿಯ ಅನುದಾನ "ಸಾರ್ವಜನಿಕ ಉದ್ದೇಶ"ವೆಂದು ಕಂಡದ್ದಕ್ಕೆ ಸರ್ಕಾರ ತನ್ನ ಇಚ್ಛೆಯಂತೆ ಕೊಡುವುದು. ಮೊದಲನೆಯದು ಸಂಬಳದಂತೆ, ಎರಡನೆಯದು ಬಕ್ಷೀಸಿನಂತೆ. ಗಿರಣಿಯ ಕಾರ್ಮಿಕನಿಗೆ ಈ ವ್ಯತ್ಯಾಸವನ್ನು ನಾವು ವಿವರಿಸಬೇಕಾಗಿಲ್ಲ. ಬೋನಸ್ಸು ಮಾಲೀಕನ ದಯೆಯಾಗಿದ್ದ ಕಾಲವನ್ನೂ, ಹೋರಾಡಿದ ಮೇಲೆ 1965ರಲ್ಲಿ ಅದು ಕಾಯಿದೆಯಾದುದನ್ನೂ ಅವನ ಸಂಘದ ಹಿರಿಯರು ಬಲ್ಲರು. ರಸ್ತೆಯ ಹಣವೂ ಅದೇ ದಾರಿಯಲ್ಲಿ ನಡೆಯಬೇಕು.

ಇಂತಹ ಕಾಯಿದೆ ಎಲ್ಲಾದರೂ ಇದೆಯೆ ಎಂದು ಕೇಳುವವರಿಗೆ ಎರಡು ಉದಾಹರಣೆಗಳನ್ನು ಕೊಡುತ್ತೇವೆ. ಒಂದು ದೂರದ್ದು, ಒಂದು ನೆರೆಯದ್ದು.

ಬಂಡವಾಳಶಾಹಿಯ ತವರಾದ ಅಮೆರಿಕದಲ್ಲೇ ಕ್ಯಾಲಿಫೋರ್ನಿಯ ರಾಜ್ಯವಿದೆ. ಅಲ್ಲಿನ ಶಾಸನಸಭೆ 2017ರಲ್ಲಿ ರಸ್ತೆ ದುರಸ್ತಿ ಮತ್ತು ಹೊಣೆಗಾರಿಕೆ ಕಾಯಿದೆಯನ್ನು ಮಾಡಿತು. ಗ್ಯಾಲನ್ ಪೆಟ್ರೋಲಿಗೆ 12 ಸೆಂಟು, ಡೀಸೆಲಿಗೆ 20 ಸೆಂಟು ಹೆಚ್ಚಿನ ತೆರಿಗೆ. ಹತ್ತು ವರ್ಷದಲ್ಲಿ 5,000 ಕೋಟಿ ಡಾಲರಿಗೂ ಮಿಗಿಲಾದ ಹಣ ಬರುವ ಅಂದಾಜು. ಅದರ ದೊಡ್ಡ ಪಾಲು ನಗರ ಮತ್ತು ಕೌಂಟಿಗಳ ರಸ್ತೆಗಳಿಗೆ ಹೋಗುತ್ತದೆ. ಆದರೆ ಹಣ ಪಡೆಯಬೇಕಾದ ಪ್ರತಿ ನಗರವೂ ತಾನು ಯಾವ ಯಾವ ರಸ್ತೆಯನ್ನು ದುರಸ್ತಿ ಮಾಡುವೆನೆಂಬ ಪಟ್ಟಿಯನ್ನು ಪ್ರತಿ ವರ್ಷ ಸಭೆಯಲ್ಲಿ ಅಂಗೀಕರಿಸಿ ರಾಜ್ಯದ ಸಾರಿಗೆ ಆಯೋಗಕ್ಕೆ ಒಪ್ಪಿಸಬೇಕು. 2018ರ ಜೂನಿನಲ್ಲಿ, ಈ ಹಣವನ್ನು ಬೇರೆ ಕಡೆಗೆ ತಿರುಗಿಸಕೂಡದೆಂದು ಅಲ್ಲಿನ ಮತದಾರರು ತಮ್ಮ ರಾಜ್ಯದ ಸಂವಿಧಾನದಲ್ಲೇ ಬರೆಸಿದರು. ಅದೇ ವರ್ಷದ ನವೆಂಬರಿನಲ್ಲಿ ತೆರಿಗೆಯನ್ನೇ ರದ್ದು ಮಾಡಬೇಕೆಂಬ ಪ್ರಸ್ತಾಪ ಬಂದಾಗ ಅದನ್ನು ಸೋಲಿಸಿದರು. ತೆರಿಗೆಯನ್ನು ಯಾರೂ ಪ್ರೀತಿಸುವುದಿಲ್ಲ. ತಾನು ಕೊಟ್ಟ ಕಾಸು ತನ್ನ ಬೀದಿಗೆ ಬರುತ್ತದೆಂಬ ಭರವಸೆ ಲಿಖಿತವಾಗಿದ್ದರೆ ಜನ ಅದನ್ನು ಹೊರಲು ಸಿದ್ಧರಿರುತ್ತಾರೆ ಎಂಬುದೇ ಇದರ ಪಾಠ.

ನೆರೆಯ ಕೇರಳದ ಉದಾಹರಣೆಯಲ್ಲಿ ಗುಣವೂ ಇದೆ, ಎಚ್ಚರಿಕೆಯೂ ಇದೆ. ಅಲ್ಲಿನ ಎಡರಂಗ ಸರ್ಕಾರ 2016ರಲ್ಲಿ 1999ರ ಮೂಲಸೌಕರ್ಯ ನಿಧಿ ಕಾಯಿದೆಯನ್ನು ತಿದ್ದಿತು. ಮೋಟಾರು ವಾಹನ ತೆರಿಗೆಯಲ್ಲಿ ಮೊದಲ ವರ್ಷ ಶೇಕಡ 10, ಬಳಿಕ ವರ್ಷಕ್ಕೆ ಹತ್ತು ಹತ್ತರಂತೆ ಏರಿ ಐದನೆಯ ವರ್ಷದಿಂದ 50; ಜೊತೆಗೆ ಇಂಧನದ ಮೇಲಿನ ಸೆಸ್ಸು. ಇವು ನಿಧಿಗೆ ಸಲ್ಲಬೇಕೆಂದು ಕಾಯಿದೆಯಲ್ಲೇ ಬರೆದರು. ಇದು ಗುಣ. ಆದರೆ ಆ ತೆರಿಗೆಯನ್ನು ನಂಬಿ ನಿಧಿಯು ಸಾಲಕ್ಕೂ ಇಳಿಯಿತು. 2019ರಲ್ಲಿ ಹೊರದೇಶದ ಪೇಟೆಯಲ್ಲಿ ಶೇಕಡ 9.723 ಬಡ್ಡಿಗೆ 2,150 ಕೋಟಿ ರೂಪಾಯಿ ಎತ್ತಿತು. ಇದು ಮುಂಗಡಪತ್ರದ ಹೊರಗಿನ ಸಾಲವೆಂದು ಸಿಎಜಿಯವರು ಆಕ್ಷೇಪಿಸಿದರು. ಇದು ಎಚ್ಚರಿಕೆ. ನಮ್ಮ ಮೊಮ್ಮಕ್ಕಳ ವಾಹನ ತೆರಿಗೆಯನ್ನು ಇಂದೇ ಲೇವಾದೇವಿಗಾರನಿಗೆ ಅಡವಿಡುವ ಕಾಯಿದೆ ನಮಗೆ ಬೇಡ. ಅದನ್ನು ಮಾಡುವವರು ಎಡದವರಾದರೂ ಬೇಡ, ಬಲದವರಾದರೂ ಬೇಡ.

ಹಾಗಾದರೆ ನಮಗೆ ಬೇಕಾದ ಕಾಯಿದೆ ಯಾವುದು?

ಒಂದು: ರಾಜ್ಯದ ವಾಹನ ತೆರಿಗೆ ಮತ್ತು ಇಂಧನ ತೆರಿಗೆಯಲ್ಲಿ ಸ್ಥಳೀಯ ರಸ್ತೆಗಳಿಗೆ ಇಂತಿಷ್ಟು ಪಾಲೆಂದು ವಿಧಾನಮಂಡಲ ಚರ್ಚಿಸಿ ನಿರ್ಧರಿಸಲಿ, ನಿರ್ಧರಿಸಿದ ಅಂಕಿ ಕಾಯಿದೆಯ ಪುಟದಲ್ಲಿರಲಿ, ಸಚಿವರ ಜೇಬಿನಲ್ಲಿ ಬೇಡ. ಎರಡು: ಜಿಲ್ಲೆಗಳಿಗೂ ನಗರಸಭೆ ಪುರಸಭೆಗಳಿಗೂ ಹಂಚುವ ಸೂತ್ರ ರಸ್ತೆಯ ಉದ್ದ, ಜನಸಂಖ್ಯೆ, ವಿಸ್ತೀರ್ಣ ಮತ್ತು ಹಿಂದುಳಿದಿರುವಿಕೆಯನ್ನು ಅವಲಂಬಿಸಿರಲಿ; ಶಾಸಕನ ಪಕ್ಷವನ್ನಲ್ಲ. ಮೂರು: ಹಣ ನಿಗದಿತ ದಿನದೊಳಗೆ ಬರಲಿ, ತಡವಾದರೆ ಬಡ್ಡಿಯ ಸಮೇತ ಬರಲಿ. ಇದು ನಾವು ಕನಸಿನಲ್ಲಿ ಕಂಡದ್ದಲ್ಲ. 15ನೆಯ ಹಣಕಾಸು ಆಯೋಗದ ಅನುದಾನವನ್ನು ರಾಜ್ಯವು 10 ಕೆಲಸದ ದಿನಗಳೊಳಗೆ ಸ್ಥಳೀಯ ಸಂಸ್ಥೆಗಳಿಗೆ ದಾಟಿಸಬೇಕು, ಇಲ್ಲವಾದರೆ ಬಡ್ಡಿ ತೆರಬೇಕು ಎಂಬ ಷರತ್ತು ಇತ್ತು. ದಿಲ್ಲಿಯ ಹಣಕ್ಕೆ ಹಾಕಬಹುದಾದ ಷರತ್ತನ್ನು ಬೆಂಗಳೂರಿನ ಹಣಕ್ಕೆ ಏಕೆ ಹಾಕಬಾರದು? ನಾಲ್ಕು: ಯಾವ ರಸ್ತೆ, ಎಷ್ಟು ಉದ್ದ, ಎಷ್ಟು ಹಣ, ಯಾವ ಗುತ್ತಿಗೆದಾರ, ಎಷ್ಟು ವರ್ಷದ ಹೊಣೆ ಎಂಬ ಪಟ್ಟಿಯನ್ನು ಪ್ರತಿ ವಾರ್ಡಿನಲ್ಲೂ ಹಲಗೆಯ ಮೇಲೆ ಕನ್ನಡದಲ್ಲಿ ಬರೆದು ನಿಲ್ಲಿಸಲಿ. ಟೆಂಡರಿನ ಪಾರದರ್ಶಕತೆಗೆ ನಮ್ಮಲ್ಲಿ 1999ರ ಕಾಯಿದೆ ಇದೆ. ಆದರೆ ಟೆಂಡರು ಹುಟ್ಟುವುದು ಹಣ ಬಂದ ಮೇಲೆ. ಹಣ ಯಾವ ಊರಿಗೆ, ಏಕೆ ಬಂತೆಂಬ ಕತ್ತಲೆಯ ಕೋಣೆಗೂ ದೀಪ ಬೇಕು.

ಇದರಿಂದ ಹಣಕಾಸು ಸಚಿವರ ಕೈ ಕಟ್ಟಿಹಾಕಿದಂತಾಗುತ್ತದೆ, ನೆರೆಯೋ ಬರವೋ ಬಂದಾಗ ಹಣ ಎಲ್ಲಿಂದ ತರಬೇಕು ಎಂಬ ಆಕ್ಷೇಪ ಬರಬಹುದು. ಆಕ್ಷೇಪದಲ್ಲಿ ಹುರುಳಿಲ್ಲವೆನ್ನುವುದಿಲ್ಲ. ಎಲ್ಲ ತೆರಿಗೆಯನ್ನೂ ಹೀಗೆ ಮೀಸಲಿಟ್ಟರೆ ಶಾಲೆಗೆ, ಆಸ್ಪತ್ರೆಗೆ ಕೊರತೆಯಾಗಬಹುದು. ಆದುದರಿಂದಲೇ ನಾವು ಪೂರ್ಣ ತೆರಿಗೆಯನ್ನು ಕೇಳುತ್ತಿಲ್ಲ, ಒಂದು ಪಾಲನ್ನು ಕೇಳುತ್ತಿದ್ದೇವೆ. ವಿಪತ್ತಿನ ವರ್ಷದಲ್ಲಿ ವಿಧಾನಮಂಡಲದ ಒಪ್ಪಿಗೆಯಿಂದ ಅದನ್ನು ಸಡಿಲಿಸಲು ಅವಕಾಶವಿರಲಿ. ಆದರೆ ಸಡಿಲಿಸುವವರು ಸಭೆಯ ಮುಂದೆ ಎದ್ದು ನಿಂತು ಕಾರಣ ಹೇಳಲಿ. ಕೈ ಕಟ್ಟುವುದು ತಪ್ಪೆಂದರೆ, ಇಂದು ಕಟ್ಟಿರುವುದು ಯಾರ ಕೈ? ಗುಂಡಿಯಲ್ಲಿ ಬಿದ್ದವನ ಕೈಗೆ ಕಟ್ಟಿರುವ ಪಟ್ಟಿಯನ್ನು ಅವರು ನೋಡಿಲ್ಲವೆಂದು ಕಾಣುತ್ತದೆ.

ಸಂವಿಧಾನದ 73 ಮತ್ತು 74ನೆಯ ತಿದ್ದುಪಡಿಗಳ ಪ್ರಕಾರ ಐದು ವರ್ಷಕ್ಕೊಮ್ಮೆ ರಾಜ್ಯ ಹಣಕಾಸು ಆಯೋಗ ರಚನೆಯಾಗಬೇಕು. ಪಂಚಾಯತಿ, ನಗರಸಭೆಗಳ ಪಾಲನ್ನು ಅದು ಸೂಚಿಸಬೇಕು. ಆಯೋಗಗಳು ಬಂದಿವೆ, ವರದಿ ಕೊಟ್ಟಿವೆ. ಆದರೆ ವರದಿಯ ಮೇಲೆ ರಸ್ತೆ ಹಾಕಲಾಗದು. ವರದಿಯನ್ನು ಕಾಯಿದೆಯಾಗಿಸುವ ಒತ್ತಾಯ ಕೆಳಗಿನಿಂದ ಬರಬೇಕು. ಮೇಲಿನವರು ತಾವಾಗಿ ತಮ್ಮ ಕೈಯ ಬಕ್ಷೀಸನ್ನು ಬಿಟ್ಟುಕೊಟ್ಟ ಉದಾಹರಣೆ ಚರಿತ್ರೆಯಲ್ಲಿ ವಿರಳ.

ಆದುದರಿಂದ ಗಿರಣಿಯ ಸೋದರರಲ್ಲೂ ಪೇಟೆಯ ಬಂಧುಗಳಲ್ಲೂ ನಮ್ಮದೊಂದು ವಿನಂತಿ. ಇನ್ನು ಮುಂದೆ ಯಾರೂ ಒಬ್ಬೊಬ್ಬರಾಗಿ ಮುಖಂಡರ ಜಗಲಿಗೆ ಹೋಗಬೇಡಿ. ಮುಂದಿನ ವಾರ್ಡು ಸಭೆಗೆ ಕೂಡಿ ಹೋಗಿ. ಮೂರೇ ಪ್ರಶ್ನೆ ಕೇಳಿ: ಕಳೆದ ಮೂರು ವರ್ಷಗಳಲ್ಲಿ ನಮ್ಮ ಊರಿನ ರಸ್ತೆಗೆಂದು ಎಷ್ಟು ಹಣ ಬಂತು? ಯಾವ ಆದೇಶದಂತೆ ಬಂತು? ಯಾವ ರಸ್ತೆಗೆ ಹೋಯಿತು? ಬಾಯಿಮಾತಿಗೆ ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಂತೆ ಬರೆದು ಕೇಳಿ. ಅರ್ಜಿ ಬರೆಯಲು ತಿಳಿಯದವರಿಗೆ ನಮ್ಮ ಕಾರ್ಯಾಲಯದ ಬಾಗಿಲು ಸಂಜೆ ತೆರೆದಿರುತ್ತದೆ. ಬಂದ ಉತ್ತರಗಳನ್ನು ಈ ಪತ್ರಿಕೆಯಲ್ಲಿ ಅಚ್ಚು ಹಾಕುತ್ತೇವೆ. ನಮ್ಮ ಮಿತ್ರರಿಗೆ ಅನುಕೂಲವಾದುದನ್ನೂ ಹಾಕುತ್ತೇವೆ, ಅನಾನುಕೂಲವಾದುದನ್ನೂ ಹಾಕುತ್ತೇವೆ.

ಅಂದು ಬಂದಿದ್ದ ಇಬ್ಬರೂ ಹೊರಡುವಾಗ ಬಾಗಿಲಲ್ಲಿ ನಿಂತು ಮಾತಿಗೆ ತೊಡಗಿದರು. ವ್ಯಾಪಾರಿಗಳು ಕಾರ್ಮಿಕರ ಕೈಯನ್ನು ನೋಡಿ, "ಈ ತಿಂಗಳ ಸಾಮಾನಿಗೆ ಅವಸರ ಮಾಡಬೇಡಿ, ಕೈ ವಾಸಿಯಾದ ಮೇಲೆ ಕೊಡುವಿರಂತೆ" ಎಂದರು. ಬಡವರು ಬಡವರಿಗೆ ಕೊಡುವ ಇಂತಹ ಸಾಲದ ಮೇಲೆ ಎಷ್ಟೋ ಸಂಸಾರಗಳು ನಿಂತಿವೆ. ಆದರೆ ಆ ಸಾಲ ಹುಟ್ಟಿದ್ದೇ ಸರ್ಕಾರ ತೀರಿಸದ ಸಾಲದಿಂದ ಎಂಬುದನ್ನು ಮರೆಯುವಂತಿಲ್ಲ. ಆ ಬಾಕಿಯನ್ನು ಜನತೆ ದಾನವೆಂದು ಬೇಡಬಾರದು. ಬಾಕಿಯೆಂದೇ ಕೇಳಬೇಕು, ಕಾಯಿದೆಯಲ್ಲಿ ಬರೆಯಿಸಿಕೊಂಡೇ ಪಡೆಯಬೇಕು.